ಟ್ರುಯೆಟ್ ಬೀದಿಯ ಎಡತಿರುವು

ಬೆಳಗಿನ ಏಳು ಹದಿನಾಲ್ಕಕ್ಕೆ ಆರ್ನೆಟ್ಟಾ ಗಿಲರಿ ಓಡಿಸುತ್ತಿದ್ದ ರೈಲು ಟ್ರುಯೆಟ್ ಬೀದಿಯ ಕೂಡುರಸ್ತೆಗೆ ಬರುವ ಹೊತ್ತಿಗೆ, ಬೂದು ಬಣ್ಣದ ಕಾರೊಂದು ಹಿಂದೆಮುಂದೆ ನೋಡದೆ ಅವಳ ಮೂಗಿನ ಮುಂದೆಯೇ ಎಡಕ್ಕೆ ತಿರುಗಿತು. ಆರ್ನೆಟ್ಟಾಳ ಕೈ ಅಷ್ಟರಲ್ಲಾಗಲೇ ಬ್ರೇಕಿನ ಹಿಡಿಯ ಮೇಲಿತ್ತು. ರೈಲು ನರಳಿ ನಿಂತಿತು. ನಿಂತಿದ್ದ ಪ್ರಯಾಣಿಕರು ಒಬ್ಬರ ಮೇಲೊಬ್ಬರು ವಾಲಿದರು, ಯಾರದೋ ಕಾಫಿ ಯಾರದೋ ಅಂಗಿಯ ಮೇಲೆ ಚೆಲ್ಲಿತು, ಓಡಿಸೋಕೆ ಬರದಿದ್ರೆ ಮನೇಲಿರಬೇಕು ಎಂದು ಹಿಂದಿನಿಂದ ಯಾರೋ ಗೊಣಗಿದರು. ಕಾರಿನ ಹೆಂಗಸು ಮಾತ್ರ ಕನ್ನಡಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತ, ಏನೂ ಆಗದವಳಂತೆ ದಾಟಿಹೋದಳು. ಅವಳಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಅದೇ ಆರ್ನೆಟ್ಟಾಳ ತಾಪತ್ರಯ.

ಶಿಫ್ಟು ಮುಗಿದ ಮೇಲೆ ಅವಳು ಒಂದು ಫಾರಂ ತುಂಬಿದಳು. ‘ಸ್ವಲ್ಪದರಲ್ಲಿ ತಪ್ಪಿದ ಅಪಘಾತ’ ಎಂಬ ತಲೆಬರಹದ ಆ ಫಾರಂ ಹದಿನೈದು ತಿಂಗಳಲ್ಲಿ ಅವಳು ತುಂಬಿದ್ದರಲ್ಲಿ ಅರವತ್ತಮೂರನೆಯದು. ಅರವತ್ತಮೂರೂ ಆ ಒಂದೇ ತಿರುವಿನವು.

ಹ್ಯೂಸ್ಟನ್ನಿನಲ್ಲಿ ಟ್ರಾಮಿನಂಥ ಈ ಲೈಟ್ ರೈಲು ಓಡುವುದು ರಸ್ತೆಯ ನಟ್ಟನಡುವೆ. ಬೇಲಿಯಿಲ್ಲ, ಬಹಳ ಕಡೆ ಗೇಟೂ ಇಲ್ಲ. ಕಾರುಗಳು ಅದರ ಪಕ್ಕದಲ್ಲೇ ಅದೇ ದಿಕ್ಕಿಗೆ ಹೋಗುತ್ತವೆ. ಎಡಕ್ಕೆ ತಿರುಗುವವರು ಹಳಿ ದಾಟಲೇಬೇಕು, ರೈಲು ಬರುವುದು ಅವರ ಬೆನ್ನ ಹಿಂದಿನಿಂದ. ತಿರುಗುವವರಿಗೆ ಕೆಂಪು ಬಾಣ ಉರಿಯುತ್ತಿರುತ್ತದೆ, ನೇರ ಹೋಗುವವರಿಗೆ ಹಸಿರು ದೀಪ. ಜನ ಹಸಿರು ನೋಡುತ್ತಾರೆ, ತಿರುಗಿಬಿಡುತ್ತಾರೆ. ಕಾರಿನಲ್ಲೇ ಹುಟ್ಟಿ ಕಾರಿನಲ್ಲೇ ಬೆಳೆದ ಈ ಊರಿಗೆ ರೈಲು ನಿನ್ನೆ ಮೊನ್ನೆ ಬಂದ ನೆಂಟ. ನೆಂಟನಿಗೆ ದಾರಿ ಬಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಆರ್ನೆಟ್ಟಾಳಿಗೆ ಐವತ್ತೆರಡು ವರ್ಷ. ಮೊದಲು ಊರಿನ ಇನ್ನೊಂದು ಮಾರ್ಗದಲ್ಲಿ ಓಡಿಸುತ್ತಿದ್ದಾಗ ಒಂದು ಪಿಕಪ್ ಗಾಡಿ ಹೀಗೆಯೇ ಅಡ್ಡ ಬಂದಿತ್ತು. ಆಗ ಅವಳು ನಿಯಮದ ಪ್ರಕಾರ ಮೂವತ್ತೈದು ಮೈಲಿ ವೇಗದಲ್ಲಿದ್ದಳು, ಬ್ರೇಕನ್ನೂ ನಿಯಮದ ಪ್ರಕಾರವೇ ಹಾಕಿದಳು, ಗಾಡಿಯ ಬಾಗಿಲು ಒಳಗೆ ಹೋಗಿ ಓಡಿಸುತ್ತಿದ್ದವನ ಸೊಂಟ ಮುರಿಯಿತು. ಅವಳದೇನೂ ತಪ್ಪಿಲ್ಲ ಎಂದು ಆಫೀಸು ಕಾಗದ ಕೊಟ್ಟಿತು. ಆ ಕಾಗದ ಈಗ ಎಲ್ಲಿದೆಯೋ ಅವಳಿಗೆ ಗೊತ್ತಿಲ್ಲ. ಆ ತಗಡಿನ ಸದ್ದು ಮಾತ್ರ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು. ಆದ್ದರಿಂದ ಟ್ರುಯೆಟ್ ಬೀದಿ ಹತ್ತಿರವಾದರೆ ಅವಳು ಹತ್ತು ಮೈಲಿಗೆ ಇಳಿಸುತ್ತಿದ್ದಳು. ಅವಳ ಮಾತು ಕೇಳಿ ಈ ಮಾರ್ಗದ ಇತರ ಚಾಲಕರೂ ಹಾಗೆಯೇ ಮಾಡುತ್ತಿದ್ದರು. ಪ್ರತಿ ಸಲ ನಲವತ್ತು ಸೆಕೆಂಡು ತಡ. ಆ ನಲವತ್ತು ಸೆಕೆಂಡಿಗೆ ಮೇಲಿನವರಿಂದ ಆಗಾಗ ಮಂಗಳಾರತಿಯೂ ಆಗುತ್ತಿತ್ತು.

ಅರವತ್ತಮೂರನೆಯ ಫಾರಂ ಹಿಡಿದು ಅವಳು ಸುರಕ್ಷತಾ ವಿಭಾಗದ ಹ್ಯಾಲ್ವರ್ಸನ್ನನ ಕೋಣೆಗೆ ಹೋದಳು. ಹ್ಯಾಲ್ವರ್ಸನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಅವನು ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ, ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಊರಿನ ಎಲ್ಲ ಕೂಡುರಸ್ತೆಗಳೂ ಅಲ್ಲಿ ಸಾಲಾಗಿದ್ದವು. ಒಂದರ ಮುಂದೆ ಒಂಬತ್ತು ಅಪಘಾತ, ಒಂದರ ಮುಂದೆ ಏಳು. ಕೆಳಗೆ, ಹಸಿರು ಬಣ್ಣದಲ್ಲಿ, ಟ್ರುಯೆಟ್ ಬೀದಿಯ ಮುಂದೆ ಸೊನ್ನೆ.

“ಈ ಮಾರ್ಗದಲ್ಲೇ ಇದಕ್ಕಿಂತ ಸೇಫ್ ಜಾಗ ಇಲ್ಲ, ಆರ್ನೆಟ್ಟಾ,” ಎಂದ ಅವನು.

“ಸೇಫ್ ಅಲ್ಲ ಸಾರ್ ಅದು. ನಾವು ನಿಲ್ಲಿಸ್ತಾ ಇದ್ದೀವಿ.”

“ಅದೇ ಹೇಳ್ತಿರೋದು. ನಿಲ್ಲಿಸ್ತಾ ಇದ್ದೀರಲ್ಲ.”

ಆರ್ನೆಟ್ಟಾಳಿಗೆ ಆ ಪರದೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಮೂರು ವರ್ಷದಲ್ಲಿ ಐದು ಡಿಕ್ಕಿಯಾದರೆ ಮಾತ್ರ ಗೇಟು ಹಾಕುವ ವಿಚಾರ, ಅಥವಾ ಎಡತಿರುವನ್ನು ಮುಚ್ಚುವ ವಿಚಾರ ಎಂದು ಅವನು ವಿವರಿಸಿದ. ಸ್ವಲ್ಪದರಲ್ಲಿ ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯಲು ಪರದೆಯಲ್ಲಿ ಜಾಗವೇ ಇಲ್ಲವಂತೆ. ಹಾಗಾದರೆ ನನ್ನ ಫಾರಂಗಳೆಲ್ಲ ಎಲ್ಲಿ ಹೋದವು ಎಂದು ಕೇಳಿದ್ದಕ್ಕೆ, ಭದ್ರವಾಗಿವೆ ಎಂದು ಒಂದು ಪೆಟ್ಟಿಗೆ ತೋರಿಸಿದ. ಅದರ ಮೇಲೆ ಒಂದು ಹೂವಿನ ಕುಂಡ ಇತ್ತು. ಇನ್ನೊಂದು ದಾರಿ ಇದೆ ಎಂದೂ ಅವನೇ ಹೇಳಿದ: ಆ ಬೀದಿಯ ಜನರೇ ತಿರುವು ಮುಚ್ಚಿಕೊಡಿ ಎಂದು ಸಹಿ ಹಾಕಿ ಮನವಿ ಕೊಟ್ಟರೆ ಡಿಕ್ಕಿಯ ಲೆಕ್ಕ ಬೇಕಿಲ್ಲ, ಒಂದು ತಿಂಗಳಲ್ಲಿ ಕಲ್ಲುಕಟ್ಟೆ ಕಟ್ಟಿ ಮುಚ್ಚಿಬಿಡಬಹುದು. ಆರ್ನೆಟ್ಟಾ ಉಬ್ಬಿಹೋದಳು. ಆ ತಿರುವಿನಲ್ಲಿ ತಿರುಗುವವರಲ್ಲಿ ಮುಕ್ಕಾಲು ಪಾಲು ಅವಳ ಚರ್ಚಿನವರೇ. ತನ್ನವರು ತನ್ನ ಮಾತು ಕೇಳದೆ ಇರುತ್ತಾರೆಯೇ?

ಟ್ರುಯೆಟ್ ಬೀದಿಯ ಮೂಲೆಯಲ್ಲೇ ಪಿಸ್ಗಾ ಚರ್ಚು. ರೈಲಿಗಿಂತ ಅರವತ್ತು ವರ್ಷ ಹಿರಿದು. ಆರ್ನೆಟ್ಟಾಳ ತಾಯಿ ಅಲ್ಲಿ ಅಶರ್ ಆಗಿದ್ದಳು, ಎಂದರೆ ಬಿಳಿ ಸಮವಸ್ತ್ರ, ಬಿಳಿ ಕೈಗವಸು ಹಾಕಿಕೊಂಡು ಬಾಗಿಲು ಕಾಯುವ ಸೇವೆ. ಈಗ ಮಗಳದೂ ಅದೇ ಸೇವೆ. ಅಶರ್‌ಗಳು ನಿಂತ ಜಾಗದಲ್ಲಿ ಬಾಯಿ ಬಿಡುವಂತಿಲ್ಲ, ಎಲ್ಲವೂ ಕೈಯಲ್ಲೇ. ಅಂಗೈ ಎತ್ತಿದರೆ ನಿಲ್ಲು, ಕೈ ಬಾಗಿಸಿದರೆ ಬಾ. ಪ್ರಾರ್ಥನೆ ನಡೆಯುತ್ತಿರುವಾಗ ಒಳಗೆ ಕಾಲಿಡಹೊರಟರೆ ಯಾರೇ ಆಗಲಿ ಆ ಅಂಗೈಯ ಮುಂದೆ ನಿಲ್ಲಲೇಬೇಕು. ಒಂದು ಭಾನುವಾರ ಚರ್ಚಿನ ಆಡಳಿತ ನೋಡುವ ಹಿರಿಯ ಡೀಕನ್ ಓಥಾ ಪ್ರೂಯಿಟ್ ತಡವಾಗಿ ಬಂದಾಗ, ಕಟ್ಟಡಕ್ಕೆ ಇಟ್ಟಿಗೆ ಹೊತ್ತವನು ನಾನು ಎಂದು ಪಿಸುಗುಟ್ಟಿದರೂ, ಆರ್ನೆಟ್ಟಾ ಆರು ನಿಮಿಷ ಅವನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಅವನು ಹ್ಯಾಟು ಎದೆಗೊತ್ತಿಕೊಂಡು ಮಗುವಿನ ಹಾಗೆ ನಿಂತಿದ್ದ.

ಅದೇ ಓಥಾ ಪ್ರೂಯಿಟ್ ಈಗ ಅವಳ ಮನವಿಯನ್ನು ಮಣ್ಣುಪಾಲು ಮಾಡಿದ. ಚರ್ಚಿನ ಊಟದ ಹಾಲಿನಲ್ಲಿ ಸಭೆ ಸೇರಿತ್ತು. ಬೆಣ್ಣೆ ಕೇಕು, ಸಿಹಿ ಐಸ್ ಚಹಾ, ಬೀಸಣಿಗೆಗಳು. ಆರ್ನೆಟ್ಟಾ ಹತ್ತು ನಿಮಿಷ ಮಾತಾಡಿದಳು. ಪಿಕಪ್ಪಿನವನ ಸೊಂಟದ ಕಥೆಯನ್ನೂ ಹೇಳಿದಳು. ಎಂಬತ್ತಮೂರರ ಓಥಾ ಎದ್ದು ನಿಂತ. ಈ ವಾರ್ಡಿನವರಿಂದ ಸ್ಕೂಲು ಕಿತ್ಕೊಂಡ್ರು, ಆಸ್ಪತ್ರೆ ಕಿತ್ಕೊಂಡ್ರು, ರಸ್ತೆ ಅಗೆದು ಮೂರು ವರ್ಷ ಧೂಳು ತಿನ್ನಿಸಿದ್ರು, ಯಾವುದಕ್ಕೂ ನಮ್ಮನ್ನ ಕೇಳಲಿಲ್ಲ, ಈಗ ನಮ್ಮ ಬಾಗಿಲನ್ನ ನಾವೇ ಮುಚ್ಚಿಕೊಳ್ಳಲಿ ಅಂತ ನಮ್ಮ ಹುಡುಗಿಯ ಕೈಯಲ್ಲೇ ಕಾಗದ ಕೊಟ್ಟು ಕಳಿಸಿದಾರೆ ಎಂದ. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ, ಅದೇ ಕಷ್ಟ. ನಾಲ್ಕು ಬೀದಿ ಸುತ್ತಿ ಬರಬೇಕು ಎನ್ನುವುದಕ್ಕಿಂತ, ಇನ್ನೊಂದನ್ನು ಬಿಟ್ಟುಕೊಡಬೇಕು ಎನ್ನುವುದೇ ಅಲ್ಲಿದ್ದವರಿಗೆಲ್ಲ ಉರಿಯುತ್ತಿತ್ತು.

“ಐವತ್ತೊಂದು ವರ್ಷ ಇಲ್ಲೇ ಎಡಕ್ಕೆ ತಿರುಗಿದೀನಿ,” ಎಂದು ಓಥಾ ಮುಗಿಸಿದ. “ನನ್ನ ಹೆಣದ ಗಾಡಿ ಕೂಡ ಇಲ್ಲೇ ಎಡಕ್ಕೆ ತಿರುಗುತ್ತೆ. ಬರೆದಿಟ್ಕೊಳ್ಳಿ.”

ಹಾಲಿಗೆ ಹಾಲೇ ನಕ್ಕು ಚಪ್ಪಾಳೆ ತಟ್ಟಿತು. ಮನವಿಗೆ ಬಿದ್ದ ಸಹಿ ನಾಲ್ಕು. ಅದರಲ್ಲಿ ಒಂದು ಆರ್ನೆಟ್ಟಾಳದೇ. ಓಥಾನ ಹೆಂಡತಿ ಅರ್ಲೀನ್ ಅವಳಿಗೆ ಕೇಕು ಕಟ್ಟಿಕೊಟ್ಟು, ಕೆನ್ನೆ ಸವರಿ, “ಬೇಜಾರು ಮಾಡ್ಕೋಬೇಡ ನೆಟ್ಟಾ. ಇಷ್ಟು ದಿನ ಯಾರಿಗಾದ್ರೂ ಏನಾದ್ರೂ ಆಗಿದ್ಯಾ, ಹೇಳು?” ಎಂದಳು. ಆಫೀಸಿನ ಪರದೆಯೂ ಅದನ್ನೇ ಹೇಳಿತ್ತು, ಕೇಕು ಇಲ್ಲದೆ. ಆರ್ನೆಟ್ಟಾ ಮನೆಗೆ ಬಂದು ಆ ಕೇಕನ್ನು ಸಿಟ್ಟಿನಲ್ಲಿ ಪೂರ್ತಿ ತಿಂದಳು.

ಏಪ್ರಿಲಿನಲ್ಲಿ ಓಥಾ ಪ್ರೂಯಿಟ್ ನಿದ್ದೆಯಲ್ಲೇ ತೀರಿಕೊಂಡ. ಶನಿವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ. ಅಶರ್ ಆಗಿ ನಿಲ್ಲಬೇಕೆಂದು ಆರ್ನೆಟ್ಟಾ ರಜೆ ಕೇಳಿದಳು. ಜನ ಸಾಲದು ಎಂದು ರಜೆ ಸಿಗಲಿಲ್ಲ. ಅವಳು ವೇಳಾಪಟ್ಟಿ ತೆಗೆದು ನೋಡಿದಳು. ಶನಿವಾರ ಹತ್ತು ನಲವತ್ತೆರಡಕ್ಕೆ ಟ್ರುಯೆಟ್ ಬೀದಿ ದಾಟಬೇಕಾದ ರೈಲು ಅವಳದೇ.

ಈ ಕಡೆ ಶವದ ಮೆರವಣಿಗೆ ಎಂದರೆ ಅದಕ್ಕೆ ದೀಪವಿಲ್ಲ, ಬಾಣವಿಲ್ಲ. ಮುಂದೆ ಬೈಕಿನ ಬೆಂಗಾವಲಿನವನು, ಅವನ ಹಿಂದೆ ಹೆಣದ ಗಾಡಿ, ಅದರ ಹಿಂದೆ ಹಗಲಲ್ಲೂ ದೀಪ ಹಚ್ಚಿಕೊಂಡ ಕಾರುಗಳು, ಒಂದರ ಬಾಲಕ್ಕೊಂದು ಅಂಟಿಕೊಂಡು. ಮುಂದಿನ ಕಾರು ಹೋದರೆ ಹಿಂದಿನದೂ ಹೋಗಬೇಕು, ಕೆಂಪಿದ್ದರೂ ಸರಿ. ನಡುವೆ ಸಾಲು ತುಂಡಾದರೆ ಸತ್ತವರಿಗೆ ಅವಮಾನ. ಎದುರಿಗೆ ಬರುವವರು, ಪರಿಚಯವಿರಲಿ ಇಲ್ಲದಿರಲಿ, ರಸ್ತೆಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ಒಂದಷ್ಟು ಗಂಡಸರು ಕಾರಿನಿಂದ ಇಳಿದು ಟೋಪಿ ತೆಗೆಯುವುದೂ ಉಂಟು. ಆರ್ನೆಟ್ಟಾಳೂ ತನ್ನ ಜೀವಮಾನದಲ್ಲಿ ಹಾಗೆ ನೂರಾರು ಸಲ ನಿಂತಿದ್ದಾಳೆ. ಎಲ್ಲರೂ ನಿಲ್ಲುತ್ತಾರೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಸಾಲಿನಲ್ಲಿರುವವರು ಯಾರೂ ಅಕ್ಕಪಕ್ಕ ನೋಡುವುದೇ ಇಲ್ಲ. ರೈಲು ನಿಲ್ಲದ ವಸ್ತು ಎಂಬುದು ಆ ಪದ್ಧತಿಗೆ ಇನ್ನೂ ಗೊತ್ತಾಗಿಲ್ಲ.

ಶನಿವಾರ ಅವಳು ಎರಡು ಬೀದಿ ದೂರದಿಂದಲೇ ದೀಪಗಳ ಸಾಲು ಕಂಡಳು. ಹಳಿಯ ಬಲಪಕ್ಕದಲ್ಲಿ, ಅವಳು ಹೋಗುವ ದಿಕ್ಕಿಗೇ, ಇಪ್ಪತ್ತೆಂಟೋ ಮೂವತ್ತೋ ಕಾರುಗಳು. ಹೆಣದ ಗಾಡಿ ಆಗಷ್ಟೇ, ಓಥಾ ಹೇಳಿದ್ದ ಹಾಗೆಯೇ, ಎಡಕ್ಕೆ ತಿರುಗುತ್ತಿತ್ತು. ಅವಳು ಕೂಡುರಸ್ತೆಗೆ ನಲವತ್ತು ಅಡಿ ಹಿಂದೆ ರೈಲು ನಿಲ್ಲಿಸಿದಳು. ರೈಲಿಗೆ ಹೊರಡು ಎನ್ನುವ ಬಿಳಿ ಗೆರೆಯ ದೀಪ ಅವಳ ಕಣ್ಣ ಮುಂದೆ ಉರಿಯುತ್ತಿತ್ತು. ಬೈಕಿನವನು ರೈಲಿಗೆ ಬೆನ್ನು ಹಾಕಿ ನಿಂತು ಎದುರು ಬರುವ ಕಾರುಗಳನ್ನಷ್ಟೇ ತಡೆಯುತ್ತಿದ್ದ.

ಒಂದು ನಿಮಿಷವಾಗುತ್ತಲೇ ನಿಯಂತ್ರಣ ಕೋಣೆಯವನು ರೇಡಿಯೋದಲ್ಲಿ ಯಾಕೆ ನಿಂತೆ ಎಂದು ಕೇಳಿದ. ಶವದ ಮೆರವಣಿಗೆ ಎಂದಳು. ದೀಪ ಏನಿದೆ ಎಂದು ಕೇಳಿದ. ಬಿಳಿ ಇದೆ ಎಂದಳು, ಸುಳ್ಳು ಹೇಳುವಂತಿರಲಿಲ್ಲ, ಅವನ ಪರದೆಯಲ್ಲೂ ಅದು ಕಾಣುತ್ತಿತ್ತು.

“ಬಿಳಿ ಇದ್ರೆ ಹೊರಡಬೇಕು. ಹಾರ್ನ್ ಹೊಡಿ, ನಿಧಾನಕ್ಕೆ ನುಗ್ಗು, ಅವ್ರೇ ನಿಲ್ತಾರೆ.”

“ನಿಲ್ಲಲ್ಲ. ಅವ್ರು ನಿಲ್ಲಲ್ಲ ಅಂತ ನಂಗೆ ಗೊತ್ತು.”

“ಗಿಲರಿ, ಹಿಂದಿನ ರೈಲುಗಳೂ ತಡ ಆಗ್ತವೆ. ಇದು ಆರ್ಡರ್. ಹೊರಡು.”

ಅವಳು ಹಾರ್ನು ಹೊಡೆದಳು, ಗಾಡಿಯನ್ನು ಮಾತ್ರ ಒಂದಂಗುಲವೂ ಅಲ್ಲಾಡಿಸಲಿಲ್ಲ. ಆ ಸದ್ದಿಗೆ ಆದದ್ದು ಇಷ್ಟೇ: ಸಾಲಿನ ನಡುವೆ ಬರುತ್ತಿದ್ದ ಒಂದು ಹಳೆಯ ಕಂದು ಕಾರು ಸರಿಯಾಗಿ ಹಳಿಯ ಮೇಲೆ ಬಂದು ನಿಂತುಬಿಟ್ಟಿತು. ಅದರೊಳಗೆ ಚರ್ಚಿನಲ್ಲಿ ನೋಡಿ ಗೊತ್ತಿದ್ದ, ಕಪ್ಪು ಹ್ಯಾಟಿನ ಮುದುಕಿಯೊಬ್ಬಳು ಯಾರು ಕರೆದರು ಎಂದು ಆ ಕಡೆ ಈ ಕಡೆ ನೋಡಿದಳು. ರೈಲಿನ ಗಾಜಿನ ಹಿಂದೆ ಆರ್ನೆಟ್ಟಾಳನ್ನು ಕಂಡು ಗುರುತು ಹಿಡಿದು, ನಕ್ಕು, ಕೈ ಬೀಸಿದಳು. ಆಮೇಲೆ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಇನ್ನೊಮ್ಮೆ ಕೈ ಬೀಸಿದಳು.

“ನಾನು ಹೊರಡಲ್ಲ,” ಎಂದಳು ರೇಡಿಯೋಗೆ. “ಏನ್ ಬರ್ಕೋಬೇಕೋ ಬರ್ಕೋ.”

ನಾಲ್ಕು ನಿಮಿಷ ಹತ್ತು ಸೆಕೆಂಡು. ಕೊನೆಯ ಕಾರೂ ದಾಟಿತು, ಬೈಕಿನವನು ಆಗ ತಿರುಗಿ ರೈಲನ್ನು ಕಂಡು, ಅದು ಮೊದಲಿನಿಂದಲೂ ತನಗಾಗಿಯೇ ನಿಂತಿತ್ತೆಂಬಂತೆ ಸೆಲ್ಯೂಟು ಹೊಡೆದು ಹೋದ. ರೈಲಿನೊಳಗೆ ಆಸ್ಪತ್ರೆಯ ಕೆಲಸಕ್ಕೆ ತಡವಾದವರೊಬ್ಬರು ಅವಳ ನಂಬರು ಬರೆದುಕೊಳ್ಳುತ್ತಿದ್ದರು. ಯಾರೂ ಸಾಯಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಇದನ್ನು ಬರೆಯುವುದಕ್ಕೂ ಫಾರಂ ಇರಲಿಲ್ಲ, ಯಾಕೆಂದರೆ ಇದು ಸ್ವಲ್ಪದರಲ್ಲಿ ತಪ್ಪಿದ್ದು ಕೂಡ ಆಗಿರಲಿಲ್ಲ. ಅವಳು ಅಷ್ಟು ದೂರದಲ್ಲೇ ನಿಲ್ಲಿಸಿದ್ದಳು.

ಮುಂದಿನ ವಾರವಿಡೀ ಅವಳು ಮೈ ಪರಚಿಕೊಳ್ಳುವಂತಾಯಿತು. ಆಜ್ಞೆ ಮೀರಿದ್ದಕ್ಕೆ ಮೂರು ದಿನ ಮನೆಯಲ್ಲಿ ಕೂರಿಸಿದರು. ಆಮೇಲೆ ಉತ್ತರದ ಮಾರ್ಗಕ್ಕೆ ಎತ್ತಿ ಹಾಕಿದರು. ಟ್ರುಯೆಟ್ ಬೀದಿಯಲ್ಲಿ ಕಾರಣವಿಲ್ಲದೆ ನಿಧಾನಿಸಬಾರದು, ಮೂವತ್ತೈದರಲ್ಲೇ ದಾಟಬೇಕು ಎಂದು ಎಲ್ಲ ಚಾಲಕರಿಗೂ ನೋಟೀಸು ಹೋಯಿತು. ಹ್ಯಾಲ್ವರ್ಸನ್ ಅವಳನ್ನು ಮೊಗಸಾಲೆಯಲ್ಲಿ ನಿಲ್ಲಿಸಿ, ಹದಿನಾರು ತಿಂಗಳು ಸೊನ್ನೆ, ಅದರಲ್ಲಿ ನಿನ್ನ ಪಾಲೇ ದೊಡ್ಡದು, ಹೆಮ್ಮೆ ಪಡಬೇಕು ಎಂದು ಕೈ ಕುಲುಕಿದ. ಅವಳು ಆ ಕೈಯನ್ನು ಒಂದು ಕ್ಷಣ ಬಿಡಲಿಲ್ಲ.

“ನಾವು ನಿಧಾನ ಮಾಡ್ತಿದ್ದಿದ್ದಕ್ಕೆ ಸೊನ್ನೆ ಸಾರ್. ಈಗ ನಿಧಾನ ಮಾಡಬೇಡಿ ಅಂತೀರಿ. ಆ ಸೊನ್ನೆ ಎಲ್ಲಿಂದ ಬರುತ್ತೆ ಇನ್ಮೇಲೆ?”

ಅದನ್ನು ಗಮನದಲ್ಲಿ ಇಟ್ಟುಕೊಳ್ಳುತ್ತೇನೆ ಎಂದ ಅವನು. ಹೂವಿನ ಕುಂಡದ ಕೆಳಗೆ ಇನ್ನೂ ಎಷ್ಟು ಜಾಗವಿದೆಯೋ ಅವನಿಗೇ ಗೊತ್ತು.

ಚರ್ಚಿನದು ಇನ್ನೊಂದು ಹಾಡು. ಭಾನುವಾರ ಪಾದ್ರಿಗಳು ವೇದಿಕೆಯಿಂದಲೇ ರೈಲಿಗೆ ವಂದನೆ ಹೇಳಿದರು. ಡೀಕನ್ ಪ್ರೂಯಿಟ್ ಕೊನೆಗೂ ರೈಲನ್ನೇ ನಿಲ್ಲಿಸಿಬಿಟ್ಟರು ಎಂದು ಸಭೆ ಕಣ್ಣೀರಿನ ನಡುವೆ ನಕ್ಕಿತು. ಬಾಗಿಲಲ್ಲಿ ಬಿಳಿ ಕೈಗವಸಿನಲ್ಲಿ ನಿಂತಿದ್ದ ಆರ್ನೆಟ್ಟಾ ಬಾಯಿ ಬಿಡುವಂತಿರಲಿಲ್ಲ. ಹೊರಗೆ ಬರುವಾಗ ಅರ್ಲೀನ್ ಅವಳ ಎರಡೂ ಕೈ ಹಿಡಿದುಕೊಂಡಳು. ಗಂಡ ಹೋಗಿ ವಾರವಾಗಿದ್ದ ಆ ಎಂಬತ್ತರ ಹೆಂಗಸಿನ ಮುಖ ಅಷ್ಟು ಮೆತ್ತಗಿತ್ತು.

“ಓಥಾ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ದ ಗೊತ್ತಾ. ನೋಡು, ರೈಲಿಗೂ ನಮ್ಮ ಮೇಲೆ ಮರ್ಯಾದೆ ಇದೆ. ಸುಮ್ನೆ ಆ ತಿರುವು ಮುಚ್ಚಿಸೋಕೆ ಹೊರಟಿದ್ಯಲ್ಲ ನೀನು.”

ಆರ್ನೆಟ್ಟಾ ಅವಳ ಕೈ ಹಿಡಿದು ಕಾರಿನವರೆಗೆ ಬಿಟ್ಟುಬಂದಳು.

ಅವಳ ರೈಲಿಗೆ ಈಗ ಮರಿಸೆಲಾ ಕಿರೋಸ್ ಎನ್ನುವವಳನ್ನು ಹಾಕಿದ್ದರು. ಇಪ್ಪತ್ತು ವರ್ಷ ಬಸ್ಸು ಓಡಿಸಿ ಹೊಸದಾಗಿ ರೈಲಿಗೆ ಬಂದವಳು. ಆರ್ನೆಟ್ಟಾ ಡಿಪೋದಲ್ಲಿ ಅವಳನ್ನು ಹುಡುಕಿಕೊಂಡು ಹೋಗಿ, ಟ್ರುಯೆಟ್ ಬೀದಿ ಬಂದರೆ ಹತ್ತಕ್ಕೆ ಇಳಿಸು, ಅದರಲ್ಲೂ ಬುಧವಾರ ಸಂಜೆ, ಏಳಕ್ಕೆ ಬೈಬಲ್ ಪಾಠ ಇರುತ್ತದೆ, ಎಲ್ಲರೂ ಒಟ್ಟಿಗೆ ಬಂದು ತಿರುಗುತ್ತಾರೆ, ನಿನ್ನ ಆರು ನಲವತ್ತೇಳರ ರೈಲು ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ ಎಂದಳು. ಮರಿಸೆಲಾ ಅದನ್ನು ಕಿವಿಗೆ ಹಾಕಿಕೊಂಡಳು. ಆದರೆ ತಲೆ ಅಲ್ಲಾಡಿಸಿದಳು.

“ನೋಡಕ್ಕ, ನಂಗಿನ್ನೂ ಕೆಲ್ಸ ಪರ್ಮನೆಂಟ್ ಆಗಿಲ್ಲ. ನಿನ್ನನ್ನೇ ಕಿತ್ತು ಬಿಸಾಕಿದ್ರು, ನನ್ನ ಬಿಡ್ತಾರಾ? ಬಿಳಿ ಇದ್ರೆ ಹೋಗ್ತೀನಿ.”

ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆರ್ನೆಟ್ಟಾಳಿಗೆ ಆಗಲಿಲ್ಲ. ತಾನೇ ಹೊಸಬಳಾಗಿದ್ದಾಗ ಆ ಪಿಕಪ್ಪಿಗೆ ಗುದ್ದಿದ್ದು ಹೀಗೆಯೇ, ಬಿಳಿ ನೋಡಿಕೊಂಡು, ನಿಯಮದ ಪ್ರಕಾರ.

ಬುಧವಾರ ಅವಳ ಕೆಲಸ ನಾಲ್ಕಕ್ಕೆ ಮುಗಿಯಿತು. ಮನೆಗೆ ಹೋಗಿ ಸ್ನಾನ ಮಾಡಿದಳು. ಒಲೆಯ ಮೇಲೆ ಬೀನ್ಸ್ ಇಟ್ಟಳು, ಇಳಿಸಿದಳು, ತಿನ್ನಲು ಸೇರಲಿಲ್ಲ. ಮೇಲಿನವರಿಗೆ ಇನ್ನೊಂದು ಪತ್ರ ಬರೆಯಲೇ ಎಂದು ಕೂತಳು. ಅರವತ್ತಮೂರು ಫಾರಂ ಮಾಡದ್ದನ್ನು ಒಂದು ಪತ್ರ ಏನು ಮಾಡೀತು ಎಂದು ಪೆನ್ನು ಕೆಳಗಿಟ್ಟಳು. ಯಾರಾದರೂ ಸಾಯುವವರೆಗೆ ನನ್ನ ಮಾತು ಸುಳ್ಳು, ಸತ್ತ ಮೇಲೆ ಮಾತು ನಿಜವಾಗುತ್ತದೆ, ಆಗ ಆ ನಿಜ ಯಾರಿಗೆ ಬೇಕು ಎಂದು ಗೋಡೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಆಮೇಲೆ ಎದ್ದು ಬೀರುವಿನಿಂದ ಬಿಳಿ ಸಮವಸ್ತ್ರ ತೆಗೆದು ಇಸ್ತ್ರಿ ಮಾಡಿದಳು. ಬುಧವಾರ ಅಶರ್‌ಗಳು ಸಮವಸ್ತ್ರ ಹಾಕುವ ವಾಡಿಕೆ ಇಲ್ಲ. ಅವಳು ಹಾಕಿಕೊಂಡಳು. ಕೈಗವಸುಗಳನ್ನು ಬೆರಳು ಬೆರಳಿಗೂ ಎಳೆದು ಸರಿಪಡಿಸಿಕೊಂಡಳು, ತಾಯಿ ಕಲಿಸಿದ್ದ ಹಾಗೆ.

ಆರೂವರೆಗೆ ಅವಳು ಟ್ರುಯೆಟ್ ಬೀದಿಯ ಕೂಡುರಸ್ತೆಯಲ್ಲಿ, ಹಳಿಗೂ ಎಡಕ್ಕೆ ತಿರುಗುವ ಸಾಲಿಗೂ ನಡುವಿನ ಕಿರಿದಾದ ಕಟ್ಟೆಯ ಮೇಲೆ ನಿಂತಿದ್ದಳು. ಸೂರ್ಯ ಇನ್ನೂ ಮೇಲೇ ಇದ್ದ, ರಸ್ತೆಯಿಂದ ಝಳ ಏಳುತ್ತಿತ್ತು. ಒಂದು ಪೊಲೀಸ್ ಕಾರು ನಿಧಾನಿಸಿ, ಬಿಳಿ ಬಟ್ಟೆ ನೋಡಿ, ಚರ್ಚಿನ ಏನೋ ಕಾರ್ಯಕ್ರಮವಿರಬೇಕೆಂದು ಮುಂದೆ ಹೋಯಿತು. ಆರು ನಲವತ್ತೈದಕ್ಕೆ ಎಡತಿರುವಿನ ಸಾಲಿಗೆ ಮೊದಲು ಬಂದು ನಿಂತದ್ದು ಅರ್ಲೀನಳ ಕಾರು. ಹಿಂದೆ ಇನ್ನೂ ಎರಡು. ಅರ್ಲೀನ್ ಕಿಟಕಿಯ ಗಾಜು ಇಳಿಸಿದಳು.

“ನೆಟ್ಟಾ? ಈ ಬಿಸಿಲಲ್ಲಿ ಇಲ್ಲೇನ್ ಮಾಡ್ತಿದ್ದೀಯಮ್ಮ? ತಲೆ ಸರಿ ಇದ್ಯಾ?”

ಮುಂದೆ ಕೆಂಪು ಬಾಣ ಉರಿಯುತ್ತಿತ್ತು. ಪಕ್ಕದಲ್ಲಿ ನೇರ ಹೋಗುವವರ ದೀಪ ಹಸಿರಾಯಿತು, ಅರ್ಲೀನಳ ಕಣ್ಣು ಅದರ ಕಡೆ ಹೋಯಿತು, ಕಾರು ಮುಂದಕ್ಕೆ ಒಂದು ಮಾರು ಸರಿಯಿತು. ಆರ್ನೆಟ್ಟಾ ಬಲಗೈ ಎತ್ತಿ ಬಿಳಿಯ ಅಂಗೈಯನ್ನು ಅವಳ ಮುಖಕ್ಕೆ ನೇರವಾಗಿ ಹಿಡಿದಳು.

ಅರ್ಲೀನಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಐವತ್ತು ವರ್ಷ ಆ ಅಂಗೈಗೆ ನಿಂತು ಅಭ್ಯಾಸವಾದ ಕಾಲು ಅದು. ಹಿಂದಿನ ಎರಡು ಕಾರುಗಳೂ ನಿಂತವು. ಒಳಗಿದ್ದ ಗಂಡಸೊಬ್ಬ ಹ್ಯಾಟು ತೆಗೆದದ್ದು ಆರ್ನೆಟ್ಟಾಳಿಗೆ ಕಂಡಿತು, ಅವನಿಗೆ ಯಾಕೆ ತೆಗೆದನೆಂದು ಗೊತ್ತಿರಲಿಕ್ಕಿಲ್ಲ.

ಅಷ್ಟರಲ್ಲಿ ರೈಲು ಬಂತು. ಮರಿಸೆಲಾ ಮೂವತ್ತೈದರಲ್ಲೇ ಬಂದಳು. ಗಂಟೆ ಬಾರಿಸಿದಳು, ಆದರೆ ವೇಗ ಕಡಿಮೆ ಮಾಡಲಿಲ್ಲ. ಅದರ ಗಾಳಿ ಆರ್ನೆಟ್ಟಾಳ ಬೆನ್ನಿಗೆ ಬಡಿದು ಲಂಗವನ್ನು ಕಾಲಿಗೆ ಸುತ್ತಿತು. ತೆರೆದ ಕಿಟಕಿಯೊಳಗೆ ನುಗ್ಗಿ, ಅರ್ಲೀನಳ ತಲೆಯ ಮೇಲಿನ ಕಪ್ಪು ಹ್ಯಾಟನ್ನು ಪಕ್ಕದ ಸೀಟಿಗೆ ಎತ್ತಿ ಹಾಕಿತು. ಎರಡೂ ಬೋಗಿಗಳು ದಾಟಿಹೋಗುವವರೆಗೆ ಅರ್ಲೀನ್ ಎದುರಿಗೆ, ತನ್ನ ಕಾರು ಇರಬೇಕಾಗಿದ್ದ ಜಾಗವನ್ನೇ ನೋಡುತ್ತಿದ್ದಳು.

ಬಾಣ ಹಸಿರಾದ ಮೇಲೆ ಆರ್ನೆಟ್ಟಾ ಕೈ ಇಳಿಸಿ ಬಾಗಿಸಿದಳು. ಬಾ ಎಂದರ್ಥ. ಕಾರು ಹೊರಡಲಿಲ್ಲ. ಹಿಂದಿನವರು ಹಾರ್ನು ಹೊಡೆದರು. ಅರ್ಲೀನ್ ಬಿದ್ದ ಹ್ಯಾಟನ್ನು ಹುಡುಕಲೂ ಇಲ್ಲ.

“ಅದು ನಿಲ್ಲಲಿಲ್ಲ,” ಎಂದಳು.

ಆರ್ನೆಟ್ಟಾ ಹಿಂದಿನ ಕಾರುಗಳಿಗೆ ತಡೆಯಿರಿ ಎಂದು ಅಂಗೈ ತೋರಿಸಿದಳು.

“ಓಥಾನ ದಿನ ನಿಲ್ತಲ್ಲ. ದಿನಾ ನಿಲ್ತಿತ್ತಲ್ಲ.” ಮುದುಕಿ ಬಿಳಿ ಕೈಗವಸನ್ನು ನೋಡಿದಳು, ಆಮೇಲೆ ಆರ್ನೆಟ್ಟಾಳ ಮುಖ ನೋಡಿದಳು. “ಅಂದ್ರೆ ಇಷ್ಟು ದಿನ ನಿಲ್ತಾ ಇದ್ದಿದ್ದು ರೈಲಲ್ಲ. ನೀನು.”

ಹೌದು ಎನ್ನಬೇಕೆಂದು, ಹದಿನಾರು ತಿಂಗಳಿಂದ ಅದನ್ನೇ ಬಡಕೊಳ್ಳುತ್ತಿದ್ದೇನೆ ಎನ್ನಬೇಕೆಂದು ಆರ್ನೆಟ್ಟಾಳ ನಾಲಗೆ ತುದಿಗೆ ಬಂತು. ನಿಂತ ಜಾಗದಲ್ಲಿ ಅಶರ್ ಮಾತಾಡುವಂತಿಲ್ಲ. ಅವಳು ಮತ್ತೊಮ್ಮೆ ಕೈ ಬಾಗಿಸಿದಳು. ಅರ್ಲೀನ್ ಎಡಕ್ಕೆ ನೋಡಿದಳು, ಹಿಂದಕ್ಕೆ ನೋಡಿದಳು, ಇನ್ನೊಮ್ಮೆ ಹಿಂದಕ್ಕೆ ನೋಡಿದಳು, ಆಮೇಲೆ ತಿರುಗಿಸಿದಳು.

ಆಫೀಸಿನ ಪರದೆಯಲ್ಲಿ ಆ ಬುಧವಾರವೂ ಟ್ರುಯೆಟ್ ಬೀದಿಯ ಮುಂದೆ ಸೊನ್ನೆಯೇ ಉಳಿಯಿತು. ಬರುವ ಭಾನುವಾರ, ಜನ ಚರ್ಚಿಗೆ ಬರುವ ಹೊತ್ತಿಗೇ, ಬೆಳಿಗ್ಗೆ ಒಂಬತ್ತರಿಂದ ಆರ್ನೆಟ್ಟಾಳಿಗೆ ಉತ್ತರದ ಮಾರ್ಗದಲ್ಲಿ ಕೆಲಸವಿತ್ತು, ಇಲ್ಲಿ ಯಾರು ನಿಲ್ಲುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ಇನ್ನೊಂದು ಕಾರು ಎಡಗಡೆಯ ದೀಪ ಮಿಟುಕಿಸುತ್ತ ಬಂದು ನಿಂತಿತು. ದೂರದಲ್ಲಿ ಆರು ಐವತ್ತೊಂಬತ್ತರ ರೈಲಿನ ಗಂಟೆ ಕೇಳಿಸಿತು. ಅವಳು ಕೈ ಎತ್ತಿದಳು.